ಪಾವಿನ ತುಂಬ ಅಕ್ಕಿ, ಪಾವಿನ ತುಂಬ ಪುರಿ

ಮೊಮ್ಮಗಳು ಈಗ ಐದನೇ ಕ್ಲಾಸು. ಮೊನ್ನೆ ದ್ರವ್ಯರಾಶಿ, ಗಾತ್ರ, ಸಾಂದ್ರತೆ ಅಂತ ಬಾಯಿಪಾಠ ಮಾಡ್ತಾ ಕೂತಿದ್ದಳು. "ಅರ್ಥ ಆಯ್ತಾ ಪುಟ್ಟಿ?" ಅಂದೆ. "ಇಲ್ಲ ಅಜ್ಜಿ, ನಾಳೆ ಟೆಸ್ಟ್ ಇದೆ" ಅಂದಳು. ಪುಸ್ತಕ ಮುಚ್ಚಿಸಿ ಅಡುಗೆಮನೆಗೆ ಕರೆದುಕೊಂಡು ಹೋದೆ.

ನೀವೂ ಅಲ್ಲಿಂದಲೇ ಶುರು ಮಾಡಿ. ಒಂದು ಪಾವು ಅಕ್ಕಿ, ಅದೇ ಪಾವಿನಲ್ಲಿ ಪುರಿ. ಗೋಪುರ ಬರದ ಹಾಗೆ ಬೆರಳಿನಿಂದ ಸವರಿ ಅಳೆಯಿರಿ. ತಕ್ಕಡಿಗೆ ಹಾಕುವ ಮೊದಲು ಮಗುವಿನ ಎರಡು ಕೈಗೂ ಕೊಟ್ಟು, ಯಾವುದು ಎಷ್ಟಿರಬಹುದು ಅಂತ ಕೇಳಿ. ಈ ಊಹೆ ತಪ್ಪಿಸಬೇಡಿ, ಕಲಿಕೆ ಅಲ್ಲೇ ಇರೋದು. ನಮ್ಮನೆ ಪಾವಿನಲ್ಲಿ ಅಕ್ಕಿ ಸುಮಾರು 200 ಗ್ರಾಂ ಬಂತು. ಪುರಿ 25 ಗ್ರಾಂ ಕೂಡ ದಾಟಲಿಲ್ಲ. ಪಾವು ಒಂದೇ, ಹಿಡಿಸಿದ ಜಾಗ ಒಂದೇ. ಆ ಜಾಗವೇ ಗಾತ್ರ. ಅದರಲ್ಲಿ ಎಷ್ಟು ಪದಾರ್ಥ ಇದೆ ಅಂತ ತಕ್ಕಡಿ ಹೇಳಿತಲ್ಲ, ಅದು ದ್ರವ್ಯರಾಶಿ. ಅಷ್ಟೇ ಜಾಗದಲ್ಲಿ ಎಷ್ಟು ಪದಾರ್ಥ ಅಡಕವಾಗಿದೆ ಅನ್ನೋದು ಸಾಂದ್ರತೆ. ಪುರಿಯಲ್ಲಿ ಗಾಳಿಯೇ ಜಾಸ್ತಿ.

ಇಲ್ಲಿ ಮಕ್ಕಳು ಎಡವುವ ಜಾಗ ಒಂದಿದೆ. ಸಾಂದ್ರ ಅಂದ ಕೂಡಲೇ ಮಂದ, ಗಟ್ಟಿ ಅಂದುಕೊಳ್ಳುತ್ತಾರೆ. ನಮ್ಮ ಹುಡುಗಿಯೂ "ಎಣ್ಣೆ ನೀರಿಗಿಂತ ಮಂದ, ಹಾಗಾಗಿ ಅದೇ ಭಾರ" ಅಂದಳು. ಎಣ್ಣೆ ಪ್ಯಾಕೆಟ್ ತೋರಿಸಿದೆ. 1 ಲೀಟರ್ ಅಂತ ಇರುತ್ತೆ, ಪಕ್ಕದಲ್ಲೇ 910 ಗ್ರಾಂ. ನೀರು 1 ಲೀಟರಿಗೆ 1 ಕೆಜಿ. ಅದಕ್ಕೇ ಸಾರಿನ ಒಗ್ಗರಣೆ ಎಣ್ಣೆ ಯಾವಾಗಲೂ ಮೇಲೆ ನಿಲ್ಲೋದು. ಜೇನುತುಪ್ಪವೂ ಮಂದವೇ, ಆದರೆ 1 ಲೀಟರ್ ಸುಮಾರು 1.4 ಕೆಜಿ ತೂಗುತ್ತೆ, ನೀರಿನ ತಳಕ್ಕೆ ಇಳಿಯುತ್ತೆ. ಮಂದ ಇರೋದು ಬೇರೆ, ಸಾಂದ್ರತೆ ಬೇರೆ. ಇದನ್ನು ನಾಲ್ಕು ಸಲ ಹೇಳಿದರೂ ಬೇಜಾರು ಮಾಡಿಕೊಳ್ಳಬೇಡಿ.

ದೊಡ್ಡದು ಮುಳುಗುತ್ತೆ, ಸಣ್ಣದು ತೇಲುತ್ತೆ ಅನ್ನೋ ನಂಬಿಕೆಯೂ ಇರುತ್ತೆ. ಬಕೆಟ್ಟಿನಲ್ಲಿ ಕಲ್ಲಂಗಡಿ ಬಿಡಿ, ತೇಲುತ್ತೆ. ಒಂದು ದ್ರಾಕ್ಷಿ ಹಾಕಿ, ಸೀದಾ ತಳಕ್ಕೆ ಹೋಗುತ್ತೆ. ಆಲೂಗಡ್ಡೆ ಮುಳುಗುತ್ತೆ, ಅರ್ಧ ಮಾಡಿದರೂ ಮುಳುಗುತ್ತೆ. ಚೂರು ಮಾಡಿದರೆ ತೂಕವೂ ಗಾತ್ರವೂ ಒಟ್ಟಿಗೇ ಕಮ್ಮಿ ಆಗುತ್ತೆ, ಸಾಂದ್ರತೆ ಹಾಗೇ ಉಳಿಯುತ್ತೆ.

ಸೊಟ್ಟಪಟ್ಟ ಗಡ್ಡೆಯ ಗಾತ್ರ ತಿಳಿಯೋಕೆ ಅಳತೆಯ ಗುರುತಿರುವ ಲೋಟ ಸಾಕು. ನೀರು ಎಷ್ಟು ಏರಿತೋ ಅಷ್ಟೇ ಅದರ ಗಾತ್ರ. ಮೇಲಿಂದ ಎಸೆಯಬೇಡಿ, ನೀರು ಚಿಮ್ಮಿ ಲೆಕ್ಕ ಕೆಡುತ್ತೆ. ದಾರ ಕಟ್ಟಿ ನಿಧಾನಕ್ಕೆ ಇಳಿಸಿ.

ಮೊಟ್ಟೆ ತರುವ ಮನೆಯವರು ಒಂದನ್ನು ನೀರಲ್ಲಿ ಬಿಟ್ಟು ನೋಡಿ. ತಾಜಾ ಇದ್ದರೆ ತಳದಲ್ಲಿ ಅಡ್ಡ ಮಲಗುತ್ತೆ. ಸ್ವಲ್ಪ ಹಳೆಯದಾದರೆ ದಪ್ಪ ತುದಿ ಮೇಲೆತ್ತಿ ನಿಲ್ಲುತ್ತೆ. ತುಂಬ ಹಳೆಯದು ತೇಲುತ್ತೆ. ಚಿಪ್ಪಿನ ಸಣ್ಣ ತೂತುಗಳಿಂದ ಒಳಗಿನ ನೀರಿನಂಶ ಆರಿ ಹೋಗುತ್ತೆ, ಆ ಜಾಗಕ್ಕೆ ಗಾಳಿ ಬರುತ್ತೆ. ಚಿಪ್ಪು ಅಷ್ಟೇ ದೊಡ್ಡದು, ತೂಕ ಮಾತ್ರ ಇಳಿದಿದೆ. ತೇಲಿದ್ದನ್ನು ಬೇರೆ ಬಟ್ಟಲಲ್ಲಿ ಒಡೆದು ವಾಸನೆ ನೋಡಿಯೇ ಬಳಸಿ.

ನಮ್ಮ ಕಡೆ ಬಿತ್ತನೆ ಭತ್ತ ಆರಿಸುವ ರೈತರೂ ಇದನ್ನೇ ನಂಬಿದ್ದಾರೆ. ಮೊಟ್ಟೆ ತೇಲಿ ನಾಣ್ಯದಷ್ಟು ಮೇಲೆ ಕಾಣುವವರೆಗೆ ನೀರಿಗೆ ಉಪ್ಪು ಕರಗಿಸುತ್ತಾರೆ. ಅದಕ್ಕೆ ಭತ್ತ ಸುರಿದರೆ ಜೊಳ್ಳು ಮೇಲೆ, ಗಟ್ಟಿ ಕಾಳು ಕೆಳಗೆ. ಆಮೇಲೆ ಕಾಳನ್ನು ಎರಡು ಮೂರು ಸಲ ಒಳ್ಳೆ ನೀರಲ್ಲಿ ತೊಳೆಯಬೇಕು.

ಮೊಟ್ಟೆ ಮುಟ್ಟದ ಮನೆಯಾದರೆ ಆಲೂಗಡ್ಡೆ ಚೂರೇ ಸಾಕು. ನಾನು ಮೊಮ್ಮಗಳಿಂದ ಅದನ್ನೇ ಮಾಡಿಸಿದೆ. ದೊಡ್ಡ ಲೋಟದ ನೀರಿಗೆ ಒಂದೊಂದೇ ಚಮಚ ಉಪ್ಪು ಹಾಕಿ ಕರಗಿಸುತ್ತಾ ಹೋದಳು. ಮೂರ್ನಾಲ್ಕು ಚಮಚ ಆದ ಮೇಲೆ ಚೂರು ಒಮ್ಮೆ ಅಲುಗಾಡಿತು. ಮೆಲ್ಲಗೆ ಎದ್ದು ಮೇಲೆ ಬಂತು. "ಅಜ್ಜಿ, ನೀರು ಭಾರ ಆಯ್ತು, ಆದ್ರೆ ಜಾಸ್ತಿ ಏರಲೇ ಇಲ್ಲ!" ಅಂತ ಅವಳೇ ಕೂಗಿದಳು. ಆ ಉಪ್ಪುನೀರನ್ನು ಮಾತ್ರ ಗಿಡದ ಬುಡಕ್ಕೆ ಚೆಲ್ಲಬೇಡಿ.