ಹಗುರ ಸಪ್ ಬೋರ್ಡು ತೆರೆಗೆ ಬಾಳುತ್ತದೆಯೇ? ಸಸಿಹಿತ್ಲಿನಲ್ಲಿ ನನ್ನ ಅನುಭವ

ಶಾಂಭವಿ ಹೊಳೆಯಲ್ಲಿ ಸಪ್ (ಸ್ಟ್ಯಾಂಡ್ ಅಪ್ ಪ್ಯಾಡಲ್) ಬೋರ್ಡಿನ ಮೇಲೆ ನಿಂತು ಪ್ಯಾಡಲ್ ಹಾಕುತ್ತ ಹೋಗುವುದು ಬೇರೆ, ಅದೇ ಬೋರ್ಡನ್ನು ಮಂಗಳೂರಿನ ಉತ್ತರಕ್ಕಿರುವ ಸಸಿಹಿತ್ಲಿನ ಅಳಿವೆ ಬಾಗಿಲಿಗೆ ತಂದು ತೆರೆಗೆ ಒಡ್ಡುವುದು ಬೇರೆ. ಹೊಳೆಯಲ್ಲಿ ಬೋರ್ಡು ಹೊರಬೇಕಾದ್ದು ನಮ್ಮ ಮೈಭಾರ ಮಾತ್ರ. ಕಡಲಿನಲ್ಲಿ ಹಿಮ್ಮಡಿ ಕುಟ್ಟುತ್ತದೆ, ಪ್ಯಾಡಲಿನ ಕೋಲು ಅಂಚಿಗೆ ಬಡಿಯುತ್ತದೆ, ತೆರೆ ಮಗುಚಿ ಮೇಲೆ ಬೀಳುತ್ತದೆ, ಇಷ್ಟಾದ ಮೇಲೆ ದಡದ ಮರಳೂ ಇದೆ. ಮುಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗ್ ಮಾಡುತ್ತ, ಜೊತೆಯವರ ಬೋರ್ಡುಗಳನ್ನು ರಿಪೇರಿ ಮಾಡುತ್ತ ಬಂದವನು ನಾನು. ಹೊಸಬರು ಕೇಳುವುದು ಒಂದೇ ಪ್ರಶ್ನೆ: "ಹಗುರದ್ದು ತಕ್ಕೊಂಡ್ರೆ ಬಾಳ್ತದಾ ಅಣ್ಣ?" ಬಾಳುತ್ತದೆ. ಆದರೆ ತೂಕವನ್ನು ಎಲ್ಲಿ ಉಳಿಸಿದ್ದಾರೆ ಎಂದು ನೋಡಿಯೇ ದುಡ್ಡು ಕೊಡಬೇಕು.

ಹಗುರ ಏಕೆ ಬೇಕು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಬಾಡಿಗೆಗೆ ಕೊಡುವ ಹನ್ನೊಂದು ಅಡಿಯ ಗಟ್ಟಿ ಬೋರ್ಡು 12ರಿಂದ 15 ಕಿಲೋ ತೂಗುತ್ತದೆ. ಅದನ್ನು ತೆರೆಯ ಮುಖದಲ್ಲಿ ತಿರುಗಿಸುವಷ್ಟರಲ್ಲಿ ತೆರೆಯೇ ಮುಗಿದಿರುತ್ತದೆ. ಎಂಟೂವರೆ ಅಡಿಯ ಏಳೆಂಟು ಕಿಲೋ ಬೋರ್ಡಾದರೆ ಹಿಂಗಾಲಿನ ಒತ್ತಡಕ್ಕೆ ತಕ್ಷಣ ಓಗೊಡುತ್ತದೆ. ನಾನು ಬಳಸುವುದು ಇಂಥದ್ದನ್ನೇ. ಆರು ಕಿಲೋ ಒಳಗಿನದ್ದನ್ನು ಮಾತ್ರ ನಮ್ಮ ಮರಳು ದಿಬ್ಬದ ತೆರೆಗೆ ಯಾರಿಗೂ ಹೇಳುವುದಿಲ್ಲ.

ಈ ಒಂದೆರಡು ಕಿಲೋ ಎಲ್ಲಿಂದ ಬರುತ್ತದೆ ಎಂದು ಲೆಕ್ಕ ಹಾಕಿದರೆ ವಿಷಯ ತಿಳಿಯಾಗುತ್ತದೆ. ಬೋರ್ಡಿನ ಹೊಟ್ಟೆಯೊಳಗೆ ಇರುವುದು ಇಪಿಎಸ್ ಫೋಮ್, ಅಂದರೆ ಟಿವಿ ಪೆಟ್ಟಿಗೆಯಲ್ಲಿ ಬರುವ ಥರ್ಮಾಕೋಲಿನದೇ ಜಾತಿ. ಅಮೆರಿಕದ ಕ್ಲಾರ್ಕ್ ಫೋಮ್ ಕಾರ್ಖಾನೆ 2005ರ ಡಿಸೆಂಬರಿನಲ್ಲಿ ಇದ್ದಕ್ಕಿದ್ದಂತೆ ಬಾಗಿಲು ಹಾಕಿ ಅಲ್ಲಿಯವರೆಗೆ ಸರ್ಫ್ ಬೋರ್ಡಿಗೆ ಹೆಚ್ಚಾಗಿ ಬಳಸುತ್ತಿದ್ದ ಪಾಲಿಯುರೆಥೇನ್ ಫೋಮಿಗೆ ಬರ ಬಂದ ಮೇಲೆ, ಬೋರ್ಡು ತಯಾರಕರಲ್ಲಿ ಅನೇಕರು ಇಪಿಎಸ್ ಮತ್ತು ಎಪಾಕ್ಸಿಯತ್ತ (ಹೊದಿಕೆಯ ಬಟ್ಟೆಯನ್ನು ಅಂಟಿಸಿ ಗಟ್ಟಿಯಾಗುವ ರೆಸಿನ್) ಹೊರಳಿದರು. ದೊಡ್ಡ ಗಾತ್ರದ ಸಪ್ ಬೋರ್ಡಿಗಂತೂ ಅದೇ ಒಗ್ಗಿದ್ದು. ತೀರಾ ಹಗುರ ಫೋಮ್ ಘನ ಮೀಟರಿಗೆ ಸುಮಾರು 16 ಕಿಲೋ, ಅದಕ್ಕಿಂತ ಗಟ್ಟಿಯದು 24 ಕಿಲೋ. 120 ಲೀಟರ್ ಬೋರ್ಡಿನಲ್ಲಿ ಮೊದಲನೆಯದು ಎರಡು ಕಿಲೋಗೆ ಸ್ವಲ್ಪ ಕಡಿಮೆ, ಎರಡನೆಯದು ಮೂರು ಕಿಲೋಗೆ ಸ್ವಲ್ಪ ಕಡಿಮೆ. ವ್ಯತ್ಯಾಸ ಒಂದೇ ಕಿಲೋ. ಮೇಲೆ ಹೊದಿಸುವ ಗಾಜಿನ ನಾರಿನ ಬಟ್ಟೆಯಲ್ಲೂ ಹಾಗೆಯೇ: 4 ಔನ್ಸಿನದು ಚದರ ಮೀಟರಿಗೆ ಸುಮಾರು 135 ಗ್ರಾಂ, 6 ಔನ್ಸಿನದು ಸುಮಾರು 200 ಗ್ರಾಂ. ಕಾಲು ಊರುವ ಜಾಗಕ್ಕೆ ಮಾತ್ರ 6 ಔನ್ಸಿನ ಇನ್ನೊಂದು ಪದರ ಹಾಕಿಸಿದರೆ ರೆಸಿನ್ ಸೇರಿ ಕಾಲು ಕಿಲೋ ಹೆಚ್ಚಬಹುದು. ಈ ಒಂದೂಕಾಲು ಕಿಲೋ ಉಳಿಸಿದವರೇ ಆಮೇಲೆ ರಿಪೇರಿಗೆ ಬರುವುದು.

ಹಗುರ ಬೋರ್ಡು ಒಂದೇ ಪೆಟ್ಟಿಗೆ ಮುರಿಯುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ನಾನು ಕೈಯಲ್ಲಿ ಹಿಡಿದು ನೋಡಿದ ತುಂಡುಗಳು ಬೇರೆಯೇ ಹೇಳುತ್ತವೆ. ಮೊದಲು ಹಿಮ್ಮಡಿ ಊರುವಲ್ಲಿ ಬಟ್ಟಲಿನಾಕಾರದ ತಗ್ಗು ಬೀಳುತ್ತದೆ. ಮಂಡಿಯೂರಿ ಪ್ಯಾಡಲ್ ಮಾಡುವವರದ್ದಾದರೆ ಮಂಡಿಯ ಜಾಗದಲ್ಲೂ ತಗ್ಗು. ಅಲ್ಲಿ ಕೆಳಗಿನ ಥರ್ಮಾಕೋಲ್ ಕಾಳುಗಳು ಜಜ್ಜಿಹೋಗಿ, ಮೇಲಿನ ಗಾಜಿನ ಪದರಕ್ಕೆ ಆಸರೆ ತಪ್ಪುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಪದರ ಒಳಗೆ ಹೋಗಿ ಟಕ್ ಎಂದು ಮೇಲೆ ಬರುತ್ತದೆ. ನಾಣ್ಯದಿಂದ ಕುಟ್ಟಿದರೆ, ಸಿಮೆಂಟು ಸರಿಯಾಗಿ ಹಿಡಿಯದ ಟೈಲ್ಸಿನಂತೆ ಬುಡದಲ್ಲಿ ಟೊಳ್ಳು ಕೇಳುತ್ತದೆ. ಇನ್ನು ತೆರೆಯ ತುಟಿ, ಅಂದರೆ ಮಗುಚಿ ಬೀಳುವ ಮೇಲಂಚು, ನಡು ಬೋರ್ಡಿಗೆ ಬಿದ್ದಿತೆನ್ನಿ. ಮೂತಿ, ಬಾಲ ಎರಡನ್ನೂ ನೀರು ಎತ್ತಿ ಹಿಡಿದಿರುತ್ತದೆ, ನಡು ಕೆಳಗೆ ಬಗ್ಗುತ್ತದೆ. ಅಡಿಯ ಪದರ ಹಿಗ್ಗಬೇಕು, ಮೇಲಿನ ಪದರ ಕುಗ್ಗಬೇಕು. ಗಾಜಿನ ನಾರು ಎಳೆತಕ್ಕೆ ಗಟ್ಟಿ. ಕುಗ್ಗುವಾಗ ಮಾತ್ರ ಕೆಳಗಿನ ಫೋಮಿನ ಆಸರೆ ಬೇಕೇ ಬೇಕು. ಆಸರೆ ತಪ್ಪಿದ ತಗ್ಗಿನಲ್ಲಿ ಅದು ಮಡಿಸಿಕೊಳ್ಳುತ್ತದೆ, ಮಡಿಕೆ ಅಂಚಿನಿಂದ ಅಂಚಿಗೆ ಓಡಿ ಬೋರ್ಡು ಎರಡಾಗುತ್ತದೆ. ಅಂದರೆ ಮುರಿಯುವ ಜಾಗವನ್ನು ನಮ್ಮ ಕಾಲು ಮೊದಲೇ ಗುರುತು ಮಾಡಿಟ್ಟಿರುತ್ತದೆ.

ಆದ್ದರಿಂದ ಬೋರ್ಡು ಕೊಳ್ಳುವಾಗ ನಾನು ಮೊದಲು ಕೇಳುವುದು ಮೇಲ್ಮೈಯ ಬಗ್ಗೆ. ಥರ್ಮಾಕೋಲಿನ ಮೇಲೆ ಗಟ್ಟಿ ಪಿವಿಸಿ ಫೋಮಿನ ತೆಳು ಹಾಳೆ ಇಟ್ಟು, ಅದರ ಒಳಹೊರಗೆ ಗಾಜಿನ ಬಟ್ಟೆ ಹೊದಿಸಿದ ಸ್ಯಾಂಡ್‌ವಿಚ್ ಬೋರ್ಡುಗಳಿವೆ. ತೂಕ ಕಡಿಮೆ, ಹಿಮ್ಮಡಿಗೆ ಜಗ್ಗುವುದಿಲ್ಲ. ತೆಳು ಮರದ ಹಾಳೆ ಹಾಕಿದ್ದೂ ಚೆನ್ನಾಗಿ ತಡೆಯುತ್ತದೆ. ಬೆಲೆ ಹೆಚ್ಚು, ಆದರೆ ಅದು ನ್ಯಾಯವಾದ ಬೆಲೆ. ಪೂರ್ತಿ ಕಾರ್ಬನ್ ಹೊದಿಸಿದ್ದರ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಕಾರ್ಬನ್ ಬಹಳ ಬಿಗಿ, ಗಾಜಿನಷ್ಟು ಹಿಗ್ಗಿಕೊಂಡು ಪೆಟ್ಟು ಸಹಿಸುವುದಿಲ್ಲ. ಮೇಲಾಗಿ ಕಪ್ಪು ಬಣ್ಣ, ನಮ್ಮ ಊರಿನ ಏಪ್ರಿಲ್ ಬಿಸಿಲು.

ಬಿಸಿಲಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಫೋಮಿನ ಕಾಳುಗಳ ನಡುವೆ ಇರುವುದು ಗಾಳಿ. ಬಿಗಿಯಾಗಿ ಮುಚ್ಚಿದ ಬೋರ್ಡಿನೊಳಗೆ ಗಾಳಿ 30 ಡಿಗ್ರಿಯಿಂದ 60ಕ್ಕೆ ಏರಿದರೆ ಒತ್ತಡ ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ. ಚದರ ಅಡಿಗೆ 95 ಕಿಲೋ ಹತ್ತಿರದ ಬಲ ಪದರವನ್ನು ಒಳಗಿನಿಂದ ದೂಡುತ್ತದೆ, ಅದೇ ಹೊತ್ತಿಗೆ ಬಿಸಿಗೆ ಎಪಾಕ್ಸಿಯೂ ಮೆದುವಾಗಿರುತ್ತದೆ. ಆಗಲೇ ಪದರ ಬಿಟ್ಟು ಗುಳ್ಳೆ ಏಳುವುದು. ಇದಕ್ಕಾಗಿಯೇ ಬೋರ್ಡಿನಲ್ಲಿ ವೆಂಟ್, ಅಂದರೆ ಗಾಳಿ ಹೊರಹೋಗುವ ಸಣ್ಣ ತೂತು ಇರುತ್ತದೆ. ಸ್ಕ್ರೂ ಇರುವ ವೆಂಟನ್ನು ದಡಕ್ಕೆ ಬಂದೊಡನೆ ಬಿಚ್ಚಬೇಕು, ನೀರಿಗಿಳಿಯುವ ಮೊದಲು ಬಿಗಿಯಬೇಕು. ಗಾಳಿ ಬಿಟ್ಟು ನೀರು ತಡೆಯುವ ಪೊರೆಯ ವೆಂಟಾದರೆ ಅದರ ಬಾಯಿಗೆ ಮೇಣ, ಮರಳು ಕೂರದಂತೆ ನೋಡಿಕೊಂಡರೆ ಸಾಕು.

ಇನ್ನು ರಿಪೇರಿ. ನಮ್ಮ ಕರಾವಳಿಯಲ್ಲಿ ಫೈಬರ್ ದೋಣಿಯ ಕೆಲಸ ಬಲ್ಲವರು ಬೇಕಾದಷ್ಟು ಜನ ಇದ್ದಾರೆ, ಅವರ ಕೈಕೆಲಸದ ಮೇಲೆ ನನಗೆ ತುಂಬಾ ಗೌರವ. ಬಟ್ಟೆಯಿಂದ ಗಾಳಿಗುಳ್ಳೆ ಹೊರಡಿಸುವುದನ್ನು ನಾನು ಕಲಿತದ್ದೇ ಅವರ ಪಕ್ಕ ನಿಂತು. ಆದರೆ ದೋಣಿಗೆ ಅವರು ಸಾಮಾನ್ಯವಾಗಿ ಬಳಸುವುದು ಪಾಲಿಯೆಸ್ಟರ್ ರೆಸಿನ್. ಅದರಲ್ಲಿರುವ ಸ್ಟೈರೀನ್ ಥರ್ಮಾಕೋಲನ್ನು ಕರಗಿಸುತ್ತದೆ. ನಂಬಿಕೆ ಬಾರದಿದ್ದರೆ ಪ್ಯಾಕಿಂಗಿನ ಥರ್ಮಾಕೋಲ್ ತುಂಡಿನ ಮೇಲೆ ಒಂದು ಹನಿ ಬಿಟ್ಟು ನೋಡಿ. ಹನಿ ಇದ್ದಲ್ಲಿ ಗುಂಡಿ ಬಿದ್ದು, ಅಂಚು ಕುಗ್ಗುತ್ತ ಕುಗ್ಗುತ್ತ ಒಳಗಿಳಿಯುತ್ತದೆ. ಬೋರ್ಡಿನ ಗಾಯಕ್ಕೆ ಅದನ್ನು ಸುರಿದರೆ ಹೊರಗೆ ಚಂದ ಕಂಡರೂ ಒಳಗೆ ಪೊಳ್ಳು. ಗಾಯದ ಒಳಗನ್ನು ಅಸಿಟೋನಿನಿಂದ ಒರೆಸುವುದೂ ಅಷ್ಟೇ ಅಪಾಯ. ಇಪಿಎಸ್ ಬೋರ್ಡಿಗೆ ಎಪಾಕ್ಸಿ ಒಂದೇ ದಾರಿ.

ಎಪಾಕ್ಸಿಗೆ ಅದರದೇ ಶಿಸ್ತು ಇದೆ. ದೋಣಿ ಕೆಲಸದವರೊಬ್ಬರು ನನಗೆ ಪ್ರೀತಿಯಿಂದಲೇ ಹೇಳಿದ್ದರು, "ಹಾರ್ಡನರ್ ಸ್ವಲ್ಪ ಜಾಸ್ತಿ ಬಿಡಿ ಮಾರಾಯ್ರೆ, ಬೇಗ ಹಿಡೀತದೆ." ಹಾರ್ಡನರ್ ಎಂದರೆ ರೆಸಿನ್ ಗಟ್ಟಿಯಾಗಲು ಬೆರೆಸುವ ದ್ರವ. ಪಾಲಿಯೆಸ್ಟರಿಗೆ ಒಂದು ಮಿತಿಯೊಳಗೆ ಆ ಮಾತು ನಡೆಯುತ್ತದೆ. ಎಪಾಕ್ಸಿಯಲ್ಲಿ ಎರಡೂ ಭಾಗ ಒಂದಕ್ಕೊಂದು ಲೆಕ್ಕದಂತೆ ಕೂಡಬೇಕು. ಹೆಚ್ಚಾದ ಹಾರ್ಡನರ್ ಹಾಗೆಯೇ ಉಳಿದು ಎಪಾಕ್ಸಿ ಮೆದುವಾಗುತ್ತದೆ. ಡಬ್ಬಿಯ ಮೇಲೆ ಹೇಳಿದ ಅನುಪಾತವನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿಯೇ ನಾನು ಬೆರೆಸುವುದು. ಮಳೆಗಾಲದ ತೇವದಲ್ಲಿ ಒಣಗಿದ ಎಪಾಕ್ಸಿಯ ಮೇಲೆ ಜಿಡ್ಡಿನಂಥ ಪೊರೆ ಬರುತ್ತದೆ. ನೀರು ಹಾಕಿ ಉಜ್ಜಿ ತೊಳೆದ ಮೇಲೆಯೇ ಸ್ಯಾಂಡ್‌ಪೇಪರ್ ಹಿಡಿಯಬೇಕು, ಇಲ್ಲವಾದರೆ ಮುಂದಿನ ಪದರ ಹಿಡಿಯದು.

ಗಾಯದಿಂದ ನೀರು ಒಳಹೊಕ್ಕ ಬೋರ್ಡು ಒಣಗಿದ ಮೇಲೆಯೇ ರಿಪೇರಿ. ಒಣಗಿದೆಯೇ ಎಂದು ಹೇಗೆ ತಿಳಿಯುವುದು? ತೂಕದಿಂದ. ಲಗೇಜು ತೂಗುವ ಕೊಕ್ಕೆ ತಕ್ಕಡಿಗೆ ನೇತುಹಾಕಿ, ಹೊಸದಾಗಿದ್ದಾಗಿನ ತೂಕವನ್ನು ಬಾಲದ ಹತ್ತಿರ ಬರೆದಿಡಿ. ನೀರು ಕುಡಿದ ಬೋರ್ಡನ್ನು ಗಾಯ ಕೆಳಮುಖವಾಗುವಂತೆ ನೆರಳಿನಲ್ಲಿ ನಿಲ್ಲಿಸಿ, ದಿನಾ ತೂಗಬೇಕು. ತೂಕ ಇಳಿಯುತ್ತಿರುವವರೆಗೆ ಗಾಯ ಮುಚ್ಚುವಂತಿಲ್ಲ. ಆತುರಕ್ಕೆ ಮುಚ್ಚಿದರೆ ಒಳಗಿನ ಉಪ್ಪುನೀರು ಬಿಸಿಲಿಗೆ ಆವಿಯಾಗಿ ಪದರ ಎಬ್ಬಿಸುತ್ತದೆ.

ತೆರೆಯಲ್ಲಿ ಬೋರ್ಡನ್ನು ಹಿಡಿಯುವ ರೀತಿಯಿಂದ ಅರ್ಧ ಆಯುಷ್ಯ ಬರುತ್ತದೆ. ಒಳಗೆ ಹೋಗುವಾಗ ಮೂತಿ ನೇರ ತೆರೆಗೆ ಇರಲಿ. ಅಡ್ಡಲಾದರೆ ಅಷ್ಟಗಲದ ಬೋರ್ಡಿನ ಮೇಲೆ ಇಡೀ ನೀರು ಬೀಳುತ್ತದೆ. ಬೀಳಲೇಬೇಕಾದರೆ ಬದಿಗೆ, ನೀರಿಗೆ ಬೀಳಿ, ಬೋರ್ಡಿನ ಮೇಲೆ ಮಂಡಿ ಕುಟ್ಟಬೇಡಿ. ಪ್ಯಾಡಲಿನ ಕೋಲು ತಾಗುವಲ್ಲಿ ಅಂಚಿಗೆ ಟೇಪ್ ಅಂಟಿಸಿ. ಲೀಶ್ (ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ) ಕಟ್ಟುವ ದಾರ ಗಿಡ್ಡ ಇರಲಿ, ಅಂಚಿಗೆ ತಾಗುವುದು ಅಗಲ ಪಟ್ಟಿಯೇ ಆಗಿರಬೇಕು. ತೆಳು ದಾರ ಎಳೆತಕ್ಕೆ ಗಾಜನ್ನು ಸೀಳಿಬಿಡುತ್ತದೆ. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದ ಈ ಸಸಿಹಿತ್ಲಿನಲ್ಲಿ, ಶಾಂಭವಿ ಮತ್ತು ನಂದಿನಿ ಸೇರಿ ಕಡಲಿಗೆ ಬೀಳುವಲ್ಲಿ, ಮರಳು ದಿಬ್ಬ ಜಾಗ ಬದಲಿಸುತ್ತಲೇ ಇರುತ್ತದೆ. ನಿನ್ನೆ ಎದೆಮಟ್ಟ ಇದ್ದಲ್ಲಿ ಇವತ್ತು ಮೊಣಕಾಲು ಮಟ್ಟ ಇರಬಹುದು. ಬೋರ್ಡಿನ ಅಡಿಯಲ್ಲಿ ರೆಕ್ಕೆಯಂತಿರುವ ಫಿನ್ ಉದ್ದವಿದ್ದು ನೆಲಕ್ಕೆ ತಾಗಿದರೆ ಇಡೀ ಬಲ ಅದನ್ನು ಕೂರಿಸುವ ಫಿನ್ ಬಾಕ್ಸಿನ ಬುಡಕ್ಕೆ ಬರುತ್ತದೆ. ನಾನು ಇಲ್ಲಿ ಗಿಡ್ಡ ಫಿನ್ ಹಾಕುತ್ತೇನೆ, ಪ್ರತಿ ಸಲ ತೊಳೆಯುವಾಗ ಬಾಕ್ಸಿನ ಸುತ್ತ ಉಗುರು ಎಳೆದು ಕೂದಲೆಳೆಯ ಬಿರುಕಿದೆಯೇ ಎಂದು ನೋಡುತ್ತೇನೆ.

ಜೂನ್ ಬಂದು ಕಡಲು ಕೆಟ್ಟ ಮೇಲೆ ಬೋರ್ಡನ್ನು ಸಿಹಿನೀರಿನಲ್ಲಿ ತೊಳೆದು, ವೆಂಟ್ ಬಿಚ್ಚಿ, ಅಗಲ ಪಟ್ಟಿಯಲ್ಲಿ ಮಾಡಿಗೆ ನೇತುಹಾಕುವ ಮೊದಲು ಒಮ್ಮೆ ತೂಗಿಡಿ. ಸೆಪ್ಟೆಂಬರಿನಲ್ಲಿ ಇಳಿಸಿದಾಗ ಮತ್ತೆ ತೂಗಿ. ಮಳೆಗಾಲದಲ್ಲೇ ತೂಕ ಏರಿದ್ದರೆ ವೆಂಟಿನ ಬಾಯಿಗೆ ಮಾಡಿನಿಂದ ನೀರು ತೊಟ್ಟಿಕ್ಕಿದೆಯೇ ನೋಡಿ. ಹಾಗಿಲ್ಲದೆ ಹೊಸ ತೂಕಕ್ಕಿಂತ ನೂರಿನ್ನೂರು ಗ್ರಾಂ ಮೇಲೆಯೇ ನಿಂತಿದ್ದರೆ, ಹೋದ ಸೀಸನ್ನಿನ ಒಂದು ತೂತು ಇನ್ನೂ ಸಿಕ್ಕಿಲ್ಲ. ಫಿನ್ ಬಾಕ್ಸಿನಿಂದ ಹುಡುಕಲು ಶುರುಮಾಡಿ.