ಆಲಿಕಲ್ಲು ಕರಗುವ ಮುನ್ನ: ಮನೆ ವಿಮೆಯ ಕ್ಲೇಮ್ ಮಾಡುವುದು ಹೇಗೆ?

ಯುಗಾದಿ ಕಳೆದು ಅಶ್ವಿನಿ, ಭರಣಿ ಮಳೆಗಳ ಕಾಲ ಬಂತೆಂದರೆ, ಸುಡುಬಿಸಿಲಿನ ಮಧ್ಯಾಹ್ನವೇ ಇದ್ದಕ್ಕಿದ್ದಂತೆ ಕವಿದುಕೊಳ್ಳುತ್ತದೆ. ಆಲಿಕಲ್ಲು ಬೀಳುವುದು ಹತ್ತೋ ಹದಿನೈದೋ ನಿಮಿಷ. ಅಷ್ಟರಲ್ಲಿ ಹಂಚು ಒಡೆದಿರುತ್ತದೆ, ಸಿಮೆಂಟ್ ಶೀಟು ತೂತಾಗಿರುತ್ತದೆ, ತಾರಸಿಯ ಸೋಲಾರ್ ಹೀಟರಿನ ಗಾಜಿನ ಕೊಳವೆಗಳು ಪುಡಿಯಾಗಿರುತ್ತವೆ. ಆದರೆ ಇದನ್ನೆಲ್ಲ ಒಡೆದ ಆಲಿಕಲ್ಲು ಸ್ವಲ್ಪ ಹೊತ್ತಿಗೆಲ್ಲ ನೀರಾಗಿ ಹರಿದುಹೋಗುತ್ತದೆ. ಕ್ಲೇಮಿನ ತೊಡಕು ಶುರುವಾಗುವುದೇ ಅಲ್ಲಿಂದ.

ತರೀಕೆರೆ ಕಡೆಯ ನಮ್ಮ ದೊಡ್ಡಮ್ಮ ಮಳೆ ನಿಂತ ಕೂಡಲೇ ಅಂಗಳ ಗುಡಿಸಿದರು. ಒಡೆದ ಹಂಚನ್ನೆಲ್ಲ ತಿಪ್ಪೆಗೆ ಹಾಕಿಸಿ, ಮರುದಿನವೇ ಹೊಸ ಹಂಚು ಹೊದಿಸಿಬಿಟ್ಟರು. ಆಮೇಲೆ, ಹಾನಿ ಅಂದಾಜು ಮಾಡಲು ವಿಮಾ ಕಂಪನಿಯಿಂದ ಬಂದ ಸರ್ವೇಯರ್‌ಗೆ ಕಂಡದ್ದು ಗೋಡೆಯ ಮೇಲಿನ ನೀರಿನ ಕಲೆ ಮಾತ್ರ. ‘ಹಳೇ ಸೋರಿಕೆ’ ಎಂದು ಬರೆದುಕೊಂಡು ಹೋದರು. ಮನೆಯನ್ನು ಅಷ್ಟು ಚೊಕ್ಕಟವಾಗಿ ಇಟ್ಟುಕೊಂಡವರಿಗೇ ಹೀಗಾಯಿತಲ್ಲ ಎಂದು ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಮೊದಲು ಫೋಟೊ, ಆಮೇಲೆ ಪೊರಕೆ

ಗುಡುಗು ಪೂರ್ತಿ ನಿಂತ ಮೇಲೆ ಹೊರಗೆ ಬನ್ನಿ. ಆಲಿಕಲ್ಲಿನ ಪಕ್ಕ ಒಂದು ರೂಪಾಯಿ ನಾಣ್ಯವನ್ನೋ ಸ್ಕೇಲನ್ನೋ ಇಟ್ಟು ಫೋಟೊ ತೆಗೆಯಿರಿ. ಗಾತ್ರ ಎಷ್ಟಿತ್ತೆಂದು ಯಾರೂ ತಕರಾರು ಮಾಡಲಾಗದು. ಮನೆಯನ್ನು ದೂರದಿಂದ ಒಮ್ಮೆ, ಒಡೆದ ಜಾಗವನ್ನು ಹತ್ತಿರದಿಂದ ಒಮ್ಮೆ ತೆಗೆಯಿರಿ. ಬಾಗಿಲಿನಿಂದ ಶುರುಮಾಡಿ ಕೋಣೆ ಕೋಣೆ ಸುತ್ತುತ್ತ, ದಿನಾಂಕ–ಸಮಯ ಬಾಯಲ್ಲಿ ಹೇಳುತ್ತ ಒಂದು ವಿಡಿಯೊ ಮಾಡಿ. ಒದ್ದೆ ಮಾಡಿನ ಮೇಲೆ ಮಾತ್ರ ಹತ್ತಬೇಡಿ. ಬಿರುಕು ಬಿಟ್ಟ ಶೀಟು ಕಾಲಿಟ್ಟೊಡನೆ ಕುಸಿಯುತ್ತದೆ.

ಒಡೆದ ಹಂಚು, ಗಾಜಿನ ಚೂರುಗಳನ್ನು ಗೋಣಿಚೀಲಕ್ಕೆ ತುಂಬಿ ಮೂಲೆಯಲ್ಲಿಡಿ. ಸರ್ವೇಯರ್ ನೋಡುವವರೆಗೆ ಅವು ಕಸವಲ್ಲ.

ಇನ್ನಷ್ಟು ಹಾನಿಯಾಗದಂತೆ ತಡೆಯುವುದು ಪಾಲಿಸಿದಾರರ ಹೊಣೆ. ಹಾಗಾಗಿ ಟಾರ್ಪಾಲು ಹೊದಿಸಿ, ಅದರ ಬಿಲ್ ಜೋಪಾನ ಮಾಡಿ. ಪೂರ್ತಿ ರಿಪೇರಿಗೆ ಕೈ ಹಾಕಬೇಡಿ.

ಪಾಲಿಸಿಯಲ್ಲಿ ಏನಿದೆ?

2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳೆಲ್ಲ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ವಿಧಿಸಿತು. ಕಟ್ಟಡಕ್ಕೆ ಮಾಡಿಸಿದರೆ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯೊಳಗಿನ ಸಾಮಾನಿಗೂ ರಕ್ಷಣೆ ಸಿಗುತ್ತದೆ. ಗೃಹಸಾಲ ಇರುವವರು ಬ್ಯಾಂಕಿನಲ್ಲಿ ಒಮ್ಮೆ ವಿಚಾರಿಸಿ. ಸಾಲದ ಜೊತೆ ಪಾಲಿಸಿ ಮಾಡಿಸಿ, ಅದರ ಪ್ರತಿ ಕಡತದಲ್ಲೇ ಉಳಿದಿರುವುದುಂಟು.

ಒಂದು ಸೂಕ್ಷ್ಮ ಗಮನಿಸಿ. ವಾಹನ ವಿಮೆಯಲ್ಲಿ ಪರಿಹಾರ ಸಿಗುವ ಅವಘಡಗಳ ಪಟ್ಟಿಯಲ್ಲಿ ಆಲಿಕಲ್ಲು ಮಳೆಯ ಹೆಸರು ನೇರವಾಗಿಯೇ ಇದೆ. ಗೃಹ ರಕ್ಷಾ ಪಟ್ಟಿಯಲ್ಲಿರುವುದು ಬಿರುಗಾಳಿ, ಚಂಡಮಾರುತ, ಪ್ರವಾಹ ಮುಂತಾದ ಪದಗಳು. ಆದ್ದರಿಂದ ಅರ್ಜಿಯಲ್ಲಿ ಬರೀ ‘ಆಲಿಕಲ್ಲು ಬಿತ್ತು’ ಎನ್ನಬೇಡಿ. ಗಾಳಿಯೂ ಬೀಸಿದ್ದರೆ ‘ಬಿರುಗಾಳಿ ಸಹಿತ ಆಲಿಕಲ್ಲು ಮಳೆಯಿಂದ ಹಾನಿ’ ಎಂದು ಬರೆಯಿರಿ. ‘ಸೋರಿಕೆ’ ಎಂಬ ಪದವನ್ನಂತೂ ಎಚ್ಚರದಿಂದ ಬಳಸಿ. ಸವೆತ, ನಿಧಾನವಾಗಿ ಆದ ಸೋರಿಕೆಗೆ ವಿಮೆ ಸಿಗದು. ‘ಹಂಚು ಒಡೆದು, ಆ ಕಿಂಡಿಯಿಂದ ನೀರು ಬಂತು’ ಎಂದು ಆದದ್ದನ್ನು ಆದ ಕ್ರಮದಲ್ಲೇ ಹೇಳಿ. ಜಖಂ ಆದ ಕಾರನ್ನು ಇದರಲ್ಲಿ ಸೇರಿಸಬೇಡಿ, ಅದಕ್ಕೆ ವಾಹನ ವಿಮೆಯೇ ಬೇರೆ.

ದೂರು, ಕಾಗದಪತ್ರ

ಅವತ್ತೇ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ಕ್ಲೇಮ್ ಸಂಖ್ಯೆ ಪಡೆಯಿರಿ. ಏಜೆಂಟರಿಗೆ ಹೇಳಿದರೆ ಸಾಲದು, ಇಮೇಲ್ ಕೂಡ ಕಳಿಸಿ. ಮೇಸ್ತ್ರಿಯ ಎಸ್ಟಿಮೇಟ್ ಚೀಟಿಯಲ್ಲಿ ‘ಮಾಡು ರಿಪೇರಿ, ಒಟ್ಟು ಇಷ್ಟು’ ಎಂದು ಒಂದೇ ಸಾಲು ಬರೆಸಬೇಡಿ. ಹಂಚು ಎಷ್ಟು, ರೀಪು ಎಷ್ಟು ಅಡಿ, ಕೂಲಿ ಎಷ್ಟು ಎಂದು ಬಿಡಿಬಿಡಿಯಾಗಿರಲಿ. ಅವತ್ತು ಮಳೆ ಬಂದದ್ದಕ್ಕೆ ಊರಿನ ಪತ್ರಿಕಾ ವರದಿಯ ತುಣುಕನ್ನು ಇಟ್ಟುಕೊಳ್ಳಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಹಿತಿಯೂ ನೆರವಾಗುತ್ತದೆ. ಗ್ರಾಮ ಆಡಳಿತ ಅಧಿಕಾರಿ ಪಂಚನಾಮೆ ಮಾಡಿದ್ದರೆ ಅದರ ನಕಲು ಇನ್ನೂ ಗಟ್ಟಿ. ವಿಮೆ ಇಲ್ಲದವರು ಸರ್ಕಾರದ ಪರಿಹಾರ ಕೇಳುವುದಕ್ಕೂ ಹೋಗಬೇಕಾದದ್ದು ಕಂದಾಯ ಇಲಾಖೆಗೇ.

ಸರ್ವೇಯರ್ ಬಂದಾಗ

ಮನೆಯವರೊಬ್ಬರು ಜೊತೆಯಲ್ಲೇ ಇರಿ. ಚೀಲ ಬಿಚ್ಚಿ ತೋರಿಸಿ, ಅಟ್ಟ, ತಾರಸಿ, ಸೋಲಾರ್ ಯಾವುದನ್ನೂ ಬಿಡಬೇಡಿ. ಮಳೆಗೆ ಮುಂಚಿನ ಫೋಟೊ ಇದ್ದರೆ, ಮನೆಯಲ್ಲಿ ನಡೆದ ನಾಮಕರಣದ್ದೋ ಹಬ್ಬದ್ದೋ ಆದರೂ ಸರಿ, ಹಿನ್ನೆಲೆಯ ಗೋಡೆ ಕಲೆಯಿಲ್ಲದೆ ಕಂಡರೆ ‘ಹಳೇ ಸೋರಿಕೆ’ ಎಂಬ ಮಾತಿಗೆ ಅದೇ ಉತ್ತರ. ಸರ್ವೇಯರ್ ಶುಲ್ಕ ಕಂಪನಿಯದು, ನೀವು ಕೊಡಬೇಕಿಲ್ಲ.

ತಿರಸ್ಕರಿಸಿದರೆ?

ಕಾರಣವನ್ನು ಲಿಖಿತವಾಗಿ ಕೇಳಿ, ಸರ್ವೇ ವರದಿಯ ಪ್ರತಿಯನ್ನೂ ಕೇಳಿ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಕಂಪನಿಗಳ ವಿರುದ್ಧದ ದೂರು ಆಲಿಸುವ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಆದರೆ ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ದೂರು ಕೊಟ್ಟಿರಬೇಕು.