ವಿದೇಶಿ ಪಾಸ್‌ಪೋರ್ಟ್ ಇದ್ದವರು ಆಧಾರ್ ಮಾಡಿಸುವುದು ಹೇಗೆ?

ಅಣ್ಣ-ತಂಗಿ ಇಬ್ಬರೂ ಅಮೆರಿಕದಿಂದ ಹುಬ್ಬಳ್ಳಿಯ ವಿದ್ಯಾನಗರದ ಮನೆಗೆ ಬಂದಿದ್ದಾರೆ ಅಂದುಕೊಳ್ಳಿ. ಅಣ್ಣನದು ಇನ್ನೂ ಭಾರತದ ಪಾಸ್‌ಪೋರ್ಟ್. ತಂಗಿ ಅಲ್ಲಿಯ ಪೌರತ್ವ ತಗೊಂಡು, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡ್ ಮಾಡಿಸಿದ್ದಾಳೆ. ಅಣ್ಣ ಬಂದ ಮರುದಿನವೇ ಆಧಾರ್‌ಗೆ ಅರ್ಜಿ ಹಾಕಬಹುದು. ತಂಗಿ ಕಾಯಬೇಕು. ‘ನಾನು ಹುಟ್ಟಿದ್ದೇ ಇಲ್ಲಿಯ ಕಿಮ್ಸ್ ಆಸ್ಪತ್ರೆಯಲ್ಲಿ’ ಅಂದರೂ ನಡೆಯುವುದಿಲ್ಲ.

ಆಕೆ ಮೊದಲು ಮಾಡಬೇಕಾದ ಕೆಲಸ ದಿನ ಎಣಿಸುವುದು. ಅರ್ಜಿ ಹಾಕುವ ದಿನದಿಂದ ಹಿಂದಿನ 12 ತಿಂಗಳಲ್ಲಿ ಒಟ್ಟು 182 ದಿನವಾದರೂ ಭಾರತದಲ್ಲಿ ಇದ್ದಿರಬೇಕು. ಒಂದೇ ಸಮನೆ ಇರಬೇಕೆಂದಿಲ್ಲ, ನಡುವೆ ಹೋಗಿ ಬಂದಿದ್ದರೂ ಲೆಕ್ಕ ಕೂಡಿಸಬಹುದು. ಪಾಸ್‌ಪೋರ್ಟಿನ ಮೇಲಿನ ಮುದ್ರೆಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿ. ಧಾರವಾಡಕ್ಕೆ ಓದಲು ಬಂದ ವಿದೇಶಿ ವಿದ್ಯಾರ್ಥಿಗೂ ಇದೇ ನಿಯಮ.

ಇನ್ನು ಫಾರ್ಮ್. 18 ದಾಟಿದ ನಾವು-ನೀವು ತುಂಬುವುದು ಫಾರ್ಮ್ 1. ವಿದೇಶಿಯರಿಗೆ ಫಾರ್ಮ್ 7, ಅವರ ಮಕ್ಕಳಿಗೆ ಫಾರ್ಮ್ 8. ಜೊತೆಗೆ ಪಾಸ್‌ಪೋರ್ಟ್, ಅವಧಿ ಮುಗಿಯದ ವೀಸಾ ಅಥವಾ ಒಸಿಐ ಕಾರ್ಡ್ ಬೇಕು. ಇಮೇಲ್ ವಿಳಾಸವನ್ನೂ ಕೊಡಲೇಬೇಕು. ಎಲ್ಲ ಕೇಂದ್ರಗಳಲ್ಲೂ ವಿದೇಶಿಯರ ಅರ್ಜಿ ತಗೊಳ್ಳುವುದಿಲ್ಲ. ಬಿಸಿಲಲ್ಲಿ ಸುಮ್ನೆ ಅಡ್ಡಾಡುವ ಬದಲು ಮೊದಲೇ ಆಧಾರ್ ಸಹಾಯವಾಣಿ 1947ಕ್ಕೆ ಫೋನ್ ಮಾಡಿ ಕೇಳಿಕೊಳ್ಳಿ. ಹೊಸ ಆಧಾರ್‌ಗೆ ದುಡ್ಡು ಕೊಡಬೇಕಿಲ್ಲ, ಯಾರಾದರೂ ಕೇಳಿದರೆ ಕೊಡಬೇಡಿ.

ಕೈಗೆ ಬರುವುದು ಇಬ್ಬರಿಗೂ 12 ಅಂಕಿಯ ಆಧಾರೇ. ಆದರೆ ವಿದೇಶಿಯರ ಆಧಾರ್‌ಗೆ ಕೊನೆಯ ದಿನ ಇರುತ್ತದೆ. ವೀಸಾ ಮುಗಿದರೆ ಆಧಾರ್ ಕೂಡ ಮುಗಿಯಿತು. ಒಸಿಐ ಇದ್ದವರಿಗೆ, ನೇಪಾಳ ಮತ್ತು ಭೂತಾನದವರಿಗೆ 10 ವರ್ಷ. ವೀಸಾ ವಿಸ್ತರಿಸಿಕೊಂಡವರು ಆಧಾರನ್ನೂ ನವೀಕರಿಸುವುದನ್ನು ಮರೆಯುವುದೇ ಜಾಸ್ತಿ. ಬ್ಯಾಂಕಿನಲ್ಲಿ ಕೆವೈಸಿ ಕೇಳಿದಾಗಲೇ ಅದು ನೆನಪಾಗುವುದು.

ಹಾಗಾದರೆ ಆಧಾರ್ ಇದ್ದವರೆಲ್ಲ ಮತ ಹಾಕಬಹುದಾ? ಇಲ್ಲ. ನಿಮ್ಮ ಹೊಸ ಕಾರ್ಡನ್ನೇ ತೆಗೆದು ನೋಡಿ, ಇದು ಗುರುತಿನ ಪುರಾವೆ, ಪೌರತ್ವದ್ದಲ್ಲ ಎಂದು ಅದರಲ್ಲೇ ಬರೆದಿರುತ್ತದೆ. 2016ರ ಆಧಾರ್ ಕಾಯ್ದೆಯ 9ನೇ ಕಲಂ ಹೇಳುವುದೂ ಇದನ್ನೇ. ಮತದಾರರ ಗುರುತಿನ ಚೀಟಿ ನಾಗರಿಕರಿಗೆ ಮಾತ್ರ. ಒಸಿಐ ಹೆಸರಿನಲ್ಲಿ ‘ಸಿಟಿಜನ್’ ಅಂತ ಇದ್ದರೂ ಅದು ಪೌರತ್ವ ಅಲ್ಲ, ಅದನ್ನು ತೋರಿಸಿ ಮತಪಟ್ಟಿಗೆ ಹೆಸರು ಸೇರಿಸುವಂತಿಲ್ಲ. ಪ್ಯಾನ್ ಕಾರ್ಡ್ ಮಾತ್ರ ವಿದೇಶಿಯರಿಗೂ ಸಿಗುತ್ತದೆ, ತೆರಿಗೆಗೆ ಪೌರತ್ವದ ಹಂಗಿಲ್ಲ ನೋಡಿ!

ಪಾಸ್‌ಪೋರ್ಟ್ ಬದಲು ಬೇರೆ ದಾಖಲೆ ಇರುವವರೂ ಇದ್ದಾರೆ. ಚಳಿಗಾಲಕ್ಕೆ ಸ್ವೆಟರ್ ಮಾರಲು ಬರುವ ಮುಂಡಗೋಡದ ಟಿಬೆಟನ್ನರಲ್ಲಿ ಬಹಳ ಜನರ ಮೂಲ ದಾಖಲೆ ನೋಂದಣಿ ಪ್ರಮಾಣಪತ್ರ. ಅವರು ಅದನ್ನು ‘ಆರ್‌ಸಿ’ ಅನ್ನುತ್ತಾರೆ.

ಧಾರವಾಡದ ಸಪ್ತಾಪುರ, ಕಲ್ಯಾಣನಗರದ ಕಡೆ ರೂಮು ಬಾಡಿಗೆಗೆ ಕೊಡುವವರಿಗೂ ಒಂದು ಕೆಲಸ ಇದೆ. ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಫಾರ್ಮ್ III (2025ರವರೆಗೆ ಇದು ‘ಸಿ’ ಫಾರ್ಮ್ ಆಗಿತ್ತು) ತುಂಬಬೇಕು. ಆಧಾರ್ ಜೆರಾಕ್ಸ್ ಇಟ್ಟುಕೊಂಡರೆ ಸಾಲದು, ಪಾಸ್‌ಪೋರ್ಟ್ ಮತ್ತು ವೀಸಾ ಕೇಳಿ ನೋಡಿ.